ಭಾವನ ಕಾರುಬಾರು

ಇದು ನಡೆದ ಕಥೆ ಎಂದರೆ ಅರ್ಧ ಸುಳ್ಳು ಹೇಳಿದಂತೆ. ಈ ಕಥೆ ನಡೆಯಲಿಲ್ಲ, ಓಡಿತು. ಮುಂದೆ ಕಾರುಗಳು, ಹಿಂದೆ ನಮ್ಮ ಭಾವ. ಇದರಲ್ಲಿ ನಾನು ಕೈಯಿಂದ ಹಾಕಿದ್ದು ಏನೂ ಇಲ್ಲ. ಅನುಮಾನವಿದ್ದವರು ನಮ್ಮಕ್ಕನನ್ನು ಕೇಳಬಹುದು. ಅವಳು ಇದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿ ಹೇಳುತ್ತಾಳೆ.

ಭಾವ ಎಂದರೆ ಅಕ್ಕನ ಗಂಡ. ಕಸುಬು, ಭಾವಚಿತ್ರ ತೆಗೆಯುವುದು. ಒಬ್ಬ ಭಾವನಿಗೆ ಇದಕ್ಕಿಂತ ಹೊಂದುವ ಕಸುಬು ಬೇರೆಲ್ಲಿ ಸಿಕ್ಕೀತು? ಮನೆಯ ಕೆಳಗಿನ ಅಂತಸ್ತಿನಲ್ಲೇ ಅವರ ಸ್ಟುಡಿಯೋ. ನೀಲಿ ಪರದೆ, ಎರಡು ಕೊಡೆ ದೀಪ, ಮೇಲಕ್ಕೂ ಕೆಳಕ್ಕೂ ತಿರುಗುವ ಒಂದು ಸ್ಟೂಲು, ಗೋಡೆಗೆ ಕನ್ನಡಿ, ಕನ್ನಡಿಯ ಕೆಳಗೆ ಯಾರೂ ಮುಟ್ಟಲಾರದಷ್ಟು ಹಲ್ಲು ಮುರಿದ ಬಾಚಣಿಗೆ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದಕ್ಕೆ ಎರಡು ಬೆರಳು ಕೊಟ್ಟು, ಹಿಂದೆ ಸರಿದು "ಅಲ್ಲಾಡ್ಬೇಡೀ..." ಎಂದು ಉದ್ದಕ್ಕೆ ಎಳೆಯುವುದು ಅವರ ಮಂತ್ರ. ಆ ಎಳೆತ ಕೇಳಿದರೆ ಗೋಡೆಯ ಗಡಿಯಾರವೂ ಒಂದು ಕ್ಷಣ ನಿಂತು ಹೋಗುತ್ತಿತ್ತು ಎಂದು ನನ್ನ ಗುಮಾನಿ.

ಆದರೆ ಈಗ ಸ್ಟೂಲಿನ ಮೇಲೆ ಕೂರುವವರೇ ಇಲ್ಲ. ಎಲ್ಲರೂ ತಮ್ಮ ಮುಖವನ್ನು ತಾವೇ ಫೋನಿನಲ್ಲಿ ತೆಗೆದುಕೊಳ್ಳುತ್ತಾರೆ. ಭಾವನ ಅಣ್ಣನಿಗೆ ಬೀಗ, ಕೀಲಿಕೈಗಳ ದೊಡ್ಡ ಅಂಗಡಿಯಿದೆ. "ಸ್ಟುಡಿಯೋಗೆ ಬೀಗ ಹಾಕು, ಬೀಗ ನಾನೇ ಕೊಡ್ತೀನಿ, ಬಂದು ನನ್ನ ಅಂಗಡೀಲಿ ಕೂತ್ಕೋ" ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಕೊನೆಗೆ ಅಕ್ಕನೂ ಆ ಕಡೆಗೆ ವಾಲಿದಳು. "ಬರೋ ತಿಂಗಳವರೆಗೆ ನೋಡೋಣ ರೀ. ಆಗ್ಲಿಲ್ಲ ಅಂದ್ರೆ ಹೋಗ್ಬಿಡಿ" ಎಂದಳು. ಭಾವ ಕೆಳಗೆ ಹೋಗಿ ಯಾರೂ ಇಲ್ಲದ ಸ್ಟೂಲಿಗೆ ದೀಪ ಹೊಂದಿಸುತ್ತಾ ಕೂತರು. ಅದನ್ನು ನೋಡಿ ನನ್ನಂಥ ನನಗೂ ಜೋಕು ಹೊಳೆಯಲಿಲ್ಲ.

ಅಷ್ಟರಲ್ಲಿ ಊರ ಹೊರಗಿನ ಕಾರ್ ರೇಸಿನ ಟ್ರ್ಯಾಕಿನವರು ಫೋಟೋಗ್ರಾಫರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಇಡೀ ವರ್ಷದ ಕೆಲಸ. ಭಾವ ಅಂದೇ ಹೋಗಿ ವಿಚಾರಿಸಿದರು. ಜೊತೆಗೆ ನಾನೂ ಹೋಗಿದ್ದೆ. ಟ್ರ್ಯಾಕಿನ ಸೆಕ್ರೆಟರಿ ಹಿಂದೊಮ್ಮೆ ತಾನೇ ಕಾರು ಓಡಿಸಿದ ಮನುಷ್ಯ. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಜಲ್ಲಿಕಲ್ಲು ತುಂಬಿದ ಡಬ್ಬಿಯಂತಾಗಿದೆ. ಮಾತಿಗೆ ಮುಂಚೆ "ಹ್ರ್‌ಂ" ಎಂದು ಗೇರು ಹಾಕುತ್ತಾರೆ, ಮಾತು ಮುಗಿದ ಮೇಲೆ "ತಿಳೀತಾ?" ಎಂದು ಬ್ರೇಕು ಹಾಕುತ್ತಾರೆ.

"ಹ್ರ್‌ಂ. ಭಾನುವಾರ ಪ್ರಾಕ್ಟೀಸ್ ಇದೆ. ಬಂದು ಫೋಟೋ ತೆಗೀರಿ. ಸಂಜೆ ನಾನೇ ನೋಡ್ತೀನಿ. ಚೆನ್ನಾಗಿದ್ರೆ ಕೆಲಸ ನಿಮ್ದು, ಇಲ್ದಿದ್ರೆ ಟಾಟಾ. ತಿಳೀತಾ? ಇನ್ನೊಂದು ವಿಷಯ. ನನ್ನ ಹೆಸರು ಹೇಳ್ಕೊಂಡು ಯಾರಾದ್ರೂ ಆಟ ಕಟ್ಟಿದ್ರೆ ಗೇಟಿನಾಚೆ ಹಾಕ್ತೀನಿ. ಹೋದ ವರ್ಷ ಒಬ್ಬನ್ನ ಹಾಕ್ದೆ. ತಿಳೀತಾ?"

ಭಾವ ತಿಳಿಯಿತು ಎಂದರು. ನನಗೆ ತಿಳಿದದ್ದು ಆ ದನಿಯೊಂದೇ. ನನ್ನ ಹೊಟ್ಟೆಪಾಡು ನಾಲಿಗೆಯದು: ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಸೋಪಿನ ಅಜ್ಜಿ ನಾನೇ, ಸಿಮೆಂಟಿನ ಪೈಲ್ವಾನನೂ ನಾನೇ. ಒಂದು ಹೊಸ ದನಿ ಕಿವಿಗೆ ಬಿದ್ದರೆ ಗಂಟಲಲ್ಲಿ ತುರಿಕೆ ಶುರುವಾಗುತ್ತದೆ. ವಾಪಸ್ಸು ಬರುವ ದಾರಿಯುದ್ದಕ್ಕೂ ನಾನು ಒಳಗೊಳಗೇ "ಹ್ರ್‌ಂ, ತಿಳೀತಾ" ಎಂದು ಗೇರು ಬದಲಿಸುತ್ತಲೇ ಇದ್ದೆ.

ಮೊದಲು ಭಾವ ತಮ್ಮ ಹಳೆಯ ಕ್ಯಾಮೆರಾವನ್ನೇ ಹಿಡಿದು ಮನೆ ಮುಂದಿನ ದೊಡ್ಡ ರಸ್ತೆಯಲ್ಲಿ ನಿಂತರು. ಒಂದು ಕಾರು ಬಂತು. ಭಾವ ಅಭ್ಯಾಸಬಲದಿಂದ "ಅಲ್ಲಾಡ್ಬೇಡೀ..." ಎಂದರು. ಆ ಉದ್ದದ 'ಡೀ' ಮುಗಿಯುವಷ್ಟರಲ್ಲಿ ಕಾರು ಮುಂದಿನ ತಿರುವು ದಾಟಿತ್ತು. ಬಂದ ಚಿತ್ರದಲ್ಲಿ ಬರೀ ರಸ್ತೆ. ಮತ್ತೆ ತೆಗೆದರು, ಮತ್ತೆ ರಸ್ತೆ. ಅಕ್ಕ ಒಂದೊಂದನ್ನೇ ನೋಡಿ, "ರಸ್ತೆ ತುಂಬಾ ಚೆನ್ನಾಗಿ ಬಂದಿದೆ ರೀ. ಒಂದು ಗುಂಡೀನೂ ಬಿಟ್ಟಿಲ್ಲ" ಎಂದಳು.

"ಈ ಕ್ಯಾಮೆರಾ ಕಣ್ಣು ಬಿಡೋ ಹೊತ್ತಿಗೆ ಕಾರು ಮನೆ ಸೇರಿರುತ್ತೆ. ಇದು ಆಗಲ್ಲ ಮಾರಾಯ. ಹೊಸಾದೇ ಬೇಕು" ಎಂದರು ಭಾವ ನನಗೆ.

"ಕಾರಿಲ್ಲದ ಕಾರಣ ಕ್ಯಾಮೆರಾ ಬದಲಾಯಿಸ್ತಿದ್ದೀವಿ ಅನ್ನಿ."

"ನಿನ್ನ ಬಾಯಿಗೊಂದು ಶಟರ್ ಇರ್ಬೇಕಿತ್ತು" ಎಂದು ಬೈದು ಚಪ್ಪಲಿ ಮೆಟ್ಟಿದರು.

ಕ್ಯಾಮೆರಾ ಅಂಗಡಿಯ ಒಡತಿ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು, ಅದನ್ನೇ ಹುಡುಕುತ್ತಾ ಮಾತಾಡುವ ಹೆಂಗಸು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಾರೆ. ಭಾವ ಗಾಜಿನ ಕಪಾಟಿನ ಮುಂದೆ ನಿಂತು, "ಎಲ್ಲಕ್ಕಿಂತ ಸ್ಪೀಡಾಗಿರೋದು ಕೊಡಿ" ಎಂದರು.

"ಸ್ಪೀಡು ಕಾರಿಗಿರ್ಲಿ ಸರ್. ಅದು ಎದುರಿಗೆ ಬರೋದಾ, ಪಕ್ಕದಿಂದ ಹೋಗೋದಾ?"

"ಹೇಗೆ ಬರುತ್ತೋ ಹಾಗೆ."

"ನೀವೆಲ್ಲಿ ನಿಂತಿರ್ತೀರ? ಎಷ್ಟು ದೂರ?"

"ಅವ್ರು ಎಲ್ಲಿ ನಿಲ್ಲು ಅಂತಾರೋ ಅಲ್ಲಿ."

ಮೇಡಂ ನಿಟ್ಟುಸಿರು ಬಿಟ್ಟು ಎರಡು ಕ್ಯಾಮೆರಾ ಹೊರತೆಗೆದಳು. ಒಂದು ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಕ್ಲಿಕ್ಕಿಸಿದರೆ ಸದ್ದೇ ಇಲ್ಲ. ಇನ್ನೊಂದಕ್ಕೆ ಮೊಳದುದ್ದದ ಲೆನ್ಸು. ಎತ್ತಿದರೆ ಮೊಣಕೈ ನೆಲ ನೋಡುತ್ತದೆ. ನಾನು ಅಲ್ಲೇ ನಾಮಕರಣ ಮಾಡಿದೆ: ಗುಬ್ಬಿ ಮತ್ತು ಕೋಣ. ಓಡುವ ಕಾರನ್ನು ಒಮ್ಮೆ ಹಿಡಿದರೆ ಎರಡರ ಫೋಕಸ್ಸೂ ಬಿಡುವುದಿಲ್ಲವಂತೆ. ಬೆಲೆ ಕೇಳಿ ಭಾವ ಕಪಾಟನ್ನೇ ಆತುಕೊಂಡರು. "ಎರಡನ್ನೂ ಬಾಡಿಗೆಗೆ ತಗೊಂಡ್ಹೋಗಿ, ಭಾನುವಾರ ಕಳೀಲಿ, ಒಂದನ್ನ ಆರಿಸ್ಕೊಳ್ಳಿ" ಎಂದಳು ಮೇಡಂ.

ಗುಬ್ಬಿ ಮೊದಲು ರಸ್ತೆಗಿಳಿಯಿತು. ಈ ಸಲ ಚಿತ್ರದಲ್ಲಿ ಕಾರು ಬಂತು! ಭಾವ ಕುಣಿದೇಬಿಟ್ಟರು. ಹತ್ತಿರ ಹಿಡಿದು ನೋಡಿದರೆ ಕಾರು ಯಾಕೋ ಓರೆಯಾಗಿತ್ತು. ಬಾಗಿಲು ಓರೆ, ಕಿಟಕಿ ಓರೆ, ಚಕ್ರಗಳು ಕೋಳಿಮೊಟ್ಟೆ. ಇಡೀ ಕಾರು ಒಂದು ಕಡೆಗೆ ವಾಲಿಕೊಂಡು, ಮದುವೆ ಪತ್ರಿಕೆಯ ಅಕ್ಷರದಂತೆ ಓಲಾಡುತ್ತಿತ್ತು. ಫೋನು ಮಾಡಿದರೆ ಮೇಡಂ, "ಅದು ಚಿತ್ರಾನ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತೆ ಸರ್. ಕೆಳಗಿನ ಸಾಲಿಗೆ ಬರೋಷ್ಟರಲ್ಲಿ ಕಾರು ಮುಂದಕ್ಕೆ ಹೋಗಿರುತ್ತೆ. ಅದಕ್ಕೇ ಓರೆ" ಎಂದಳು.

"ಮೊದ್ಲೇ ಯಾಕೆ ಹೇಳ್ಲಿಲ್ಲ ಮೇಡಂ?"

"ಹೇಳೋಕೆ ಬಂದೆ. ನಿಮ್ಮ ಬಾಮೈದ ನನ್ನ ದನೀಲಿ ಮಾತಾಡ್ತಿದ್ರಲ್ಲ, ಅದನ್ನ ಕೇಳ್ತಾ ನಿಂತ್ಬಿಟ್ಟೆ."

ಆಮೇಲೆ ಕೋಣ. ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ಶಟರನ್ನು ಅದರ ತುತ್ತತುದಿಯ ವೇಗಕ್ಕೆ ಏರಿಸಿ ಭಾವ ಅಂದು ಮಧ್ಯಾಹ್ನವೆಲ್ಲ ಚಿತ್ರ ತೆಗೆದರು. ಕಾರು ನೆಟ್ಟಗೆ, ಸ್ಪಷ್ಟವಾಗಿ, ಅದರ ಕನ್ನಡಿಯ ಮೇಲಿನ ಹಕ್ಕಿ ಹಿಕ್ಕೆಯೂ ಕಾಣುವಂತೆ ಬಂತು. ಭಾವ ಎದೆಯುಬ್ಬಿಸಿ ಅಕ್ಕನ ಮುಂದೆ ಹಿಡಿದರು.

ಅಕ್ಕ ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ರೀ. ಆದ್ರೆ ಇವ್ರೆಲ್ಲ ಯಾಕೆ ರಸ್ತೆ ಮಧ್ಯದಲ್ಲಿ ಗಾಡಿ ನಿಲ್ಲಿಸಿದ್ದಾರೆ?"

ಭಾವನ ಮುಖ ಇಳಿಯಿತು. ಅವಳು ಹೇಳಿದ್ದು ನಿಜ. ಚಕ್ರದ ಒಂದೊಂದು ಕಡ್ಡಿಯೂ ಎಣಿಸುವಂತಿತ್ತು. ಹಿಂದಿನ ಮರದ ಎಲೆಗಳೂ ನಿಂತಿದ್ದವು, ಕಾರೂ ನಿಂತಿತ್ತು. ಜೀವಮಾನವೆಲ್ಲ ಜನರನ್ನು ಅಲ್ಲಾಡದಂತೆ ನಿಲ್ಲಿಸಿದ ಕೈ ಈಗ ಕಾರನ್ನೂ ಕೂರಿಸಿಬಿಟ್ಟಿತ್ತು.

ಆಮೇಲೆ ಶುರುವಾಯಿತು ನೋಡಿ ನಮಗೆ ಕಾಟ. ಗುಬ್ಬಿಯೋ ಕೋಣವೋ? ಊಟಕ್ಕೆ ಕೂತರೆ ಅದೇ, ಕೈ ತೊಳೆಯುವಾಗಲೂ ಅದೇ. "ಗುಬ್ಬಿ ಹಗುರ ಕಣೋ, ಆದ್ರೆ ಓರೆ. ಕೋಣ ನೆಟ್ಟಗೆ, ಆದ್ರೆ ಭಾರ, ಮೇಲಾಗಿ ಕಾರು ಸತ್ತ ಹಾಗಿರುತ್ತೆ. ಓರೆಯಾಗಿ ಬದುಕಿರೋದು ಮೇಲೋ, ನೆಟ್ಟಗೆ ಸತ್ತಿರೋದು ಮೇಲೋ?" ಹಾಲಿನವನನ್ನು ಕೇಳಿದರು. ಎದುರುಮನೆಯ ದಂತವೈದ್ಯರನ್ನು ಕೇಳಿದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏನಾದ್ರೂ ಮಾಡೋ. ಇಲ್ದಿದ್ರೆ ಇವ್ರು ನಮ್ಮೆಲ್ಲರ ತಲೆ ತಿಂದು ಕೋಣಕ್ಕೆ ಹಾಕ್ತಾರೆ" ಎಂದಳು.

ಏನಾದರೂ ಮಾಡು ಎಂದು ನನಗೆ ಹೇಳುವುದು ಬೆಂಕಿಯ ಕೈಗೆ ಬೆಂಕಿಪೊಟ್ಟಣ ಕೊಟ್ಟ ಹಾಗೆ. ಮರುದಿನ ಕೆಲಸದ ಜಾಗಕ್ಕೆ ಹೋದವನೇ ಅಲ್ಲಿನ ಫೋನೆತ್ತಿ ಸ್ಟುಡಿಯೋಗೆ ಹಚ್ಚಿದೆ.

"ಹ್ರ್‌ಂ. ನಾನು ಟ್ರ್ಯಾಕಿನ ಸೆಕ್ರೆಟರಿ."

ಆ ಕಡೆ ಸ್ಟೂಲು ಬಿದ್ದ ಸದ್ದು. ಭಾವ ಎದ್ದು ನಿಂತಿರಬೇಕು. "ನಮಸ್ಕಾರ ಸರ್! ಹೇಳಿ ಸರ್!"

"ಕ್ಯಾಮೆರಾ ಆಯ್ತೇನ್ರೀ?"

"ಅದೇ ಸರ್, ಎರಡಿದೆ. ಒಂದು ಹಗುರ, ಒಂದು..."

"ಭಾರದ್ದೇ ಇಟ್ಕೊಳ್ಳಿ. ಹಗುರದ್ದು ಗಾಳಿಗೆ ಹಾರುತ್ತೆ. ತಿಳೀತಾ?" ಈ ಮಾತು ನನಗೆ ಆಗ ತಾನೇ ಬಾಯಿಗೆ ಬಂದದ್ದು. ನಾಲಿಗೆಯ ಲಗಾಮು ಕಳಚಿತು. "ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆಯಾ?"

"ಇ... ಇದೆ ಸರ್."

"ಅದನ್ನ ಕಣ್ಣಿಗೆ ಹಿಡ್ಕೊಂಡು ನಾಲ್ಕು ರಸ್ತೆ ಸೇರೋ ಸರ್ಕಲ್ಲಲ್ಲಿ ನಿಂತ್ಕೊಳ್ಳಿ. ವಯರು ಕುತ್ತಿಗೆಗೆ. ಬರೋ ಒಂದೊಂದು ಗಾಡೀನೂ ಪೆಟ್ಟಿಗೆ ಜೊತೆ ಹಿಂಬಾಲಿಸಿ. ಕಾಲು ಅಲ್ಲಾಡ್ಬಾರ್ದು, ಸೊಂಟ ತಿರುಗ್ಬೇಕು. ಬಾಯಲ್ಲಿ 'ಝೂಂ' ಅನ್ಬೇಕು. ಗಾಡಿ ಮರೆಯಾದ್ಮೇಲೂ ತಿರುಗ್ತಾನೇ ಇರ್ಬೇಕು. ನಮ್ಮ ಟ್ರ್ಯಾಕಿನ ಪದ್ಧತಿ ಇದು. ತಿಳೀತಾ?"

"ತಿಳೀತು ಸರ್. ಶಟರ್ ಎಷ್ಟಕ್ಕೆ ಇಡ್ಲಿ ಸರ್?"

ಶಟರಿನ ಲೆಕ್ಕ ನನಗೇನು ಗೊತ್ತು? ಇಂಥ ಕಡೆ ದನಿ ಇನ್ನಷ್ಟು ಗಡಸು ಮಾಡಬೇಕು, ಅರ್ಥ ತಾನೇ ಹಿಂದೆ ಬರುತ್ತದೆ. "ಕಾರು ಜೋರಾದಷ್ಟೂ ನೀವು ನಿಧಾನ!" ಎಂದು ಗುಡುಗಿ ಇಟ್ಟುಬಿಟ್ಟೆ. ಆಮೇಲೆ ಮೇಜಿನ ಕೆಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಬೆಳಿಗ್ಗೆ ಸರ್ಕಲ್ಲಿನಲ್ಲಿ ಕಂಡ ನೋಟವನ್ನು ಬರೆಯಲು ನನ್ನ ಕೈಲಾಗದು, ಆದರೂ ಬರೆಯುತ್ತೇನೆ. ಭಾವ ಕಾಲು ಅಗಲಿಸಿ ನಿಂತಿದ್ದಾರೆ. ಕಣ್ಣಿಗೆ ಅಕ್ಕನ ಇಸ್ತ್ರಿ ಪೆಟ್ಟಿಗೆ, ಕುತ್ತಿಗೆಗೆ ಹೂಮಾಲೆಯಂತೆ ವಯರು, ತುದಿಯಲ್ಲಿ ಪ್ಲಗ್ಗು ತೂಗುತ್ತಿದೆ. ಬಸ್ಸು ಬಂದರೆ "ಝೂಂ", ಸೈಕಲ್ಲು ಬಂದರೆ ಸಣ್ಣ "ಝೂಂ". ಸೊಂಟ ಗೋಡೆ ಫ್ಯಾನಿನಂತೆ ಈ ತುದಿಯಿಂದ ಆ ತುದಿಗೆ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು. ಅಂಗಡಿಗಳ ಮೆಟ್ಟಿಲ ಮೇಲೆ ಜನ. ಟ್ರಾಫಿಕ್ ಪೊಲೀಸಿನವನು ಹತ್ತಿರ ಬಂದು, "ಏನ್ ಸ್ವಾಮಿ, ಗಾಡಿಗಳಿಗೆ ಇಸ್ತ್ರಿ ಮಾಡ್ತಿದ್ದೀರಾ?" ಎಂದ.

"ಟ್ರೇನಿಂಗು. ಅಡ್ಡ ನಿಲ್ಬೇಡಿ, ಲಾರಿ ತಪ್ಪಿ ಹೋಗುತ್ತೆ" ಎಂದರು ಭಾವ, ಕಣ್ಣು ಕದಲಿಸದೆ.

ನಾನು ಔಷಧಿ ಅಂಗಡಿಯ ಕಂಬದ ಹಿಂದೆ ಅಡಗಿ ನಗುತ್ತಿದ್ದೆ. ಆದರೆ ಭಾವ ನಿಲ್ಲಿಸಲೇ ಇಲ್ಲ. ಬಿಸಿಲು ಏರಿತು, ಬೆವರು ಇಳಿಯಿತು, ತೋಳು ನಡುಗಿತು. ಆಗೊಮ್ಮೆ ಪೆಟ್ಟಿಗೆ ಇಳಿಸಿ ಭುಜ ತಿಕ್ಕಿಕೊಂಡು, ಮತ್ತೆ ಎತ್ತಿದರು. ಯಾರು ನಕ್ಕರೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಆಗ ನಾನೂ ನಗುವುದನ್ನು ಬಿಟ್ಟೆ. ಆ ಮನುಷ್ಯನಿಗೆ ಬೀಗದ ಅಂಗಡಿಗೆ ಹೋಗಲು ಎಷ್ಟು ಮನಸ್ಸಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಅವರು ಬಾಯಿಬಿಟ್ಟು ಹೇಳಿದ್ದರಿಂದಲ್ಲ, ಆ ಇಸ್ತ್ರಿ ಪೆಟ್ಟಿಗೆಯಿಂದ.

ಸಂಜೆ ನಿಜ ಹೇಳಿಬಿಡೋಣವೆಂದು ಮನೆಗೆ ಹೋದೆ. ಭಾವ ಕೋಣವನ್ನು ಹೆಗಲಿಗೆ ಹಾಕಿಕೊಂಡು ಎದುರಾದರು. "ಪೆಟ್ಟಿಗೆ ಹಿಡಿದ್ಮೇಲೆ ಇದು ಭಾರಾನೇ ಅನ್ನಿಸ್ತಿಲ್ಲ ಕಣೋ! ಭಾರ ಇದ್ದಷ್ಟೂ ಕೈ ನಡುಗದೆ ಒಂದೇ ಸಮ ತಿರುಗುತ್ತೆ. ಸೆಕ್ರೆಟರಿ ಅಂದ್ರೆ ಸೆಕ್ರೆಟರಿ. 'ನೀವು ನಿಧಾನ' ಅಂದ್ರಲ್ಲ, ಮೊದ್ಲು ತಿಳೀಲಿಲ್ಲ. ಆಮೇಲೆ ಹೊಳೀತು. ಶಟರ್ ನಿಧಾನ ಇಡೋದು! ನೋಡಿಲ್ಲಿ."

ನೋಡಿದೆ. ಒಂದು ಹಳೆಯ ಟ್ಯಾಕ್ಸಿ. ಅದರ ಚಾಲಕನ ಮೀಸೆ ಚೊಕ್ಕವಾಗಿ ಕಾಣುತ್ತಿತ್ತು. ಚಕ್ರಗಳು ಸುತ್ತುತ್ತಿದ್ದವು. ಹಿಂದಿನ ಅಂಗಡಿಗಳು, ಕಂಬಗಳು, ಜನ ಎಲ್ಲ ಕರಗಿ ಬಣ್ಣದ ಗೆರೆಗಳಾಗಿ ಹಿಂದಕ್ಕೆ ಓಡುತ್ತಿದ್ದವು. ಆ ಮುದಿ ಟ್ಯಾಕ್ಸಿ ಆ ಚಿತ್ರದಲ್ಲಿ ಓಡಿದಷ್ಟು ಜೋರಾಗಿ ರಸ್ತೆಯಲ್ಲಿ ಎಂದೂ ಓಡಿರಲಾರದು.

ಗುಬ್ಬಿಯನ್ನು ಹಿಂದಿರುಗಿಸಲು ಹೋದಾಗ ಮೇಡಂ ಆ ಚಿತ್ರ ನೋಡಿ ಕನ್ನಡಕ ಇಳಿಸಿಕೊಂಡಳು. "ಕ್ಯಾಮೆರಾನ ಕಾರಿನ ಜೊತೆ ತಿರುಗಿಸ್ತಾ ನಿಧಾನ ಶಟರ್ ಇಡ್ಬೇಕು ಅಂತ ಯಾರು ಹೇಳ್ಕೊಟ್ರು? ಸರಿಯಾಗೇ ಹೇಳ್ಕೊಟ್ಟಿದ್ದಾರೆ."

"ಟ್ರ್ಯಾಕಿನ ಸೆಕ್ರೆಟರಿ, ಮೇಡಂ! ಭಾನುವಾರ ಎಲ್ಲರೆದುರಿಗೂ ಅವ್ರಿಗೊಂದು ಥ್ಯಾಂಕ್ಸ್ ಹೇಳ್ಬೇಕು."

ನನಗೆ ಸೆಕ್ರೆಟರಿಯ ಮಾತು ನೆನಪಾಯಿತು. ನನ್ನ ಹೆಸರು ಹೇಳಿಕೊಂಡು ಆಟ ಕಟ್ಟಿದರೆ ಗೇಟಿನಾಚೆ! ಹೊರಗೆ ಬರುತ್ತಲೇ, "ಭಾವ, ದೊಡ್ಡವ್ರಿಗೆ ಥ್ಯಾಂಕ್ಸ್ ಗೀಂಕ್ಸ್ ಇಷ್ಟ ಆಗಲ್ಲ, ಬಿಟ್ಬಿಡಿ" ಎಂದೆ. "ಉಪಕಾರ ಮರೆಯೋನಾ ನಾನು?" ಎಂದು ಭಾವ ನನ್ನನ್ನೇ ಗದರಿದರು. ಆಗಲೇ ಹೇಳಬೇಕಿತ್ತು. ಹೇಳಿದರೆ ಅವರ ಸೊಂಟಕ್ಕೆ ಬಂದಿದ್ದ ಧೈರ್ಯ ಹೋಗಿಬಿಟ್ಟೀತೆಂದು ಬಾಯಿ ಕಟ್ಟಿತು.

ಭಾನುವಾರ ಟ್ರ್ಯಾಕಿನಲ್ಲಿ ಸುಟ್ಟ ರಬ್ಬರಿನ ವಾಸನೆ, ಕಿವಿ ಹರಿಯುವ ಸದ್ದು. ಭಾವ ತಡೆಗೋಡೆಯ ಹಿಂದೆ ಕಾಲು ಅಗಲಿಸಿ ನಿಂತು ದಿನವಿಡೀ ತಿರುಗಿದರು. ಪ್ರತಿ ಕಾರಿಗೂ ತಪ್ಪದೆ "ಝೂಂ" ಎಂದರು. ಆ ಗಲಾಟೆಯಲ್ಲಿ ಯಾರಿಗೂ ಕೇಳಿಸದಿದ್ದದ್ದೇ ಪುಣ್ಯ.

ಸಂಜೆ ಗ್ಯಾರೇಜಿನಲ್ಲಿ, ಎಣ್ಣೆ ಕೈಯ ಮೆಕ್ಯಾನಿಕ್ಕರು, ಹೆಲ್ಮೆಟ್ ಕಂಕುಳಲ್ಲಿಟ್ಟ ಚಾಲಕರ ನಡುವೆ, ಸೆಕ್ರೆಟರಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಚಿತ್ರ ನೋಡತೊಡಗಿದರು. ಕೆಲವು ಮಸುಕು, ಅವನ್ನು ಸರಸರ ದಾಟಿಸಿದರು. ಒಂದರಲ್ಲಿ ಅರ್ಧ ಕಾರು. ಆಮೇಲೆ ಒಂದು ಕೆಂಪು ಕಾರು ಬಂತು. ಹೆಲ್ಮೆಟ್ಟಿನೊಳಗೆ ಚಾಲಕಿಯ ಎರಡು ಕಣ್ಣು ಮಿಂಚುತ್ತಿದ್ದವು; ಉಳಿದ ಲೋಕವೆಲ್ಲ ಗೆರೆ. ಸೆಕ್ರೆಟರಿಯ ಕೈ ಅಲ್ಲೇ ನಿಂತಿತು.

"ಹ್ರ್‌ಂ. ಈ ಕಾರು ಓಡ್ತಿದೆ" ಎಂದರು. "ಎಲ್ಲಿ ಕಲಿತ್ರಿ ಇದನ್ನ?"

"ನೀವೇ ಹೇಳ್ಕೊಟ್ಟಿದ್ದಲ್ವಾ ಸರ್, ಫೋನಲ್ಲಿ!"

ನಾನು ಟೈರುಗಳ ರಾಶಿಯ ಹಿಂದಕ್ಕೆ ಸರಿಯತೊಡಗಿದೆ.

"ನಾನಾ?"

"ನೀವೇ ಸರ್. ಇಸ್ತ್ರಿ ಪೆಟ್ಟಿಗೆ ಹಿಡ್ಕೋ, ವಯರು ಕುತ್ತಿಗೆಗೆ ಹಾಕ್ಕೋ, ಸೊಂಟ ತಿರುಗಿಸು, ಝೂಂ ಅನ್ನು ಅಂತ..." ಹೇಳುತ್ತಲೇ ಭಾವ ಮಾಡಿಯೂ ತೋರಿಸಿದರು. ಮೆಕ್ಯಾನಿಕ್ಕರು ಸುತ್ತ ಸೇರಿದರು. ಯಾರೋ ಕಿಸಕ್ಕೆಂದರು.

ಸೆಕ್ರೆಟರಿಯ ಹುಬ್ಬು ಗಂಟಾಯಿತು. "ನಾನು ನಿಮಗೆ ಫೋನೇ ಮಾಡಿಲ್ಲ. ತಿಳೀತಾ?"

ಭಾವನಿಗೆ ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ತಲೆ ನಿಧಾನವಾಗಿ, ಒಂದೇ ಸಮನೆ, ನಡುಗದೆ ತಿರುಗಿ ಟೈರಿನ ರಾಶಿಯ ಹಿಂದಿದ್ದ ನನ್ನ ಮೇಲೆ ಬಂದು ನಿಂತಿತು. ಫೋಕಸ್ಸು ಖಚಿತ.

"ಬಾರೋ ಇಲ್ಲಿ."

ಹೋದೆ. "ಸರ್, ತಪ್ಪು ನಂದು. ಇವ್ರಿಗೇನೂ ಗೊತ್ತಿಲ್ಲ. ಗೇಟಿನಾಚೆ ಹಾಕೋದಿದ್ರೆ ನನ್ನೊಬ್ಬನ್ನೇ ಹಾಕಿ. ಚಿತ್ರ ಮಾತ್ರ ಅವ್ರದ್ದೇ."

ಸೆಕ್ರೆಟರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ದನೀಲಿ ಮಾತಾಡಿದ್ದು ನೀವಾ? ಮಾತಾಡಿ, ಕೇಳೋಣ."

ಮೊದಲ ಸಲ ಬಂದದ್ದು ಸೋಪಿನ ಅಜ್ಜಿಯ ದನಿ. ಗಂಟಲು ಸರಿಮಾಡಿಕೊಂಡು ಮತ್ತೆ ಗೇರು ಹಾಕಿದೆ. "ಹ್ರ್‌ಂ. ಕಾರು ಜೋರಾದಷ್ಟೂ ನೀವು ನಿಧಾನ. ತಿಳೀತಾ?"

ಸೆಕ್ರೆಟರಿ ತಮ್ಮ ಹಿರಿಯ ಮೆಕ್ಯಾನಿಕ್ಕಿನ ಕಡೆ ತಿರುಗಿದರು. "ನಾನು ಹೀಗಾ ಮಾತಾಡೋದು?"

ಆತ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಾ, "ಇಲ್ಲ ಸರ್" ಎಂದ. "ಇವ್ರು ಸ್ವಲ್ಪ ಮೃದುವಾಗಿ ಮಾಡಿದ್ರು."

ಕೆಂಪು ಕಾರಿನ ಚಾಲಕಿ ಹೆಲ್ಮೆಟ್ಟಿನಿಂದ ಮುಖ ಮುಚ್ಚಿಕೊಂಡಳು. ಸೆಕ್ರೆಟರಿ ನಗು ತಡೆಯಲು ಎರಡು ಸಲ ಗೇರು ಹಾಕಿದರು, ಗಾಡಿ ಏರಲಿಲ್ಲ. ಕೊನೆಗೆ ಮೇಜು ಗುದ್ದಿ, "ಕೆಲಸ ನಿಮ್ದು" ಎಂದರು ಭಾವನಿಗೆ. "ಆ ಭಾರದ ಕ್ಯಾಮೆರಾನೇ ತಗೊಳ್ಳಿ. ಇವ್ರು ಮಾತ್ರ ಗೇಟಿನ ಒಳಗೆ ಬಂದ್ರೆ ಬಾಯಿ ಬಿಡಕೂಡ್ದು. ತಿಳೀತಾ?"

ನಾನು ಬಾಯಿ ಬಿಡದೆ ತಲೆಯಾಡಿಸಿದೆ. ಭಾವ ಮಾತ್ರ ಕೋಣವನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದರು. ಒದೆ ಬೀಳುತ್ತದೆ ಎಂದುಕೊಂಡೆ.

"ಹಾಗಾದ್ರೆ ಆ ಇಸ್ತ್ರಿ ಪೆಟ್ಟಿಗೆ?" ಎಂದು ಮೆಲ್ಲನೆ ಕೇಳಿದರು.

"ಆಗಷ್ಟೇ ಬಾಯಿಗೆ ಬಂತು ಭಾವ."

"ಝೂಂ ಅನ್ನೋದು?"

"ಅದೂ."

"ವಯರು ಕುತ್ತಿಗೆಗೆ?"

"ಅದಂತೂ ನೋಡೋಕೆ ಚೆನ್ನಾಗಿರುತ್ತೆ ಅಂತ..."

ಭಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. "ಅಯ್ಯೋ ಪಾಪಿ, ಪೊಲೀಸಿನವ್ನು... ಇಸ್ತ್ರಿ ಮಾಡ್ತೀರಾ ಅಂತ..." ಎನ್ನುತ್ತಾ ಮಾತು ಮುಗಿಸಲಾಗದೆ ಕೋಣವನ್ನು ನನ್ನ ಕೈಗೆ ತುರುಕಿ ಟೈರಿನ ರಾಶಿಯ ಮೇಲೆ ಕುಸಿದರು. ಮೆಕ್ಯಾನಿಕ್ಕರು ನಕ್ಕರು, ಚಾಲಕರು ನಕ್ಕರು, ಸೆಕ್ರೆಟರಿ ಜಲ್ಲಿಕಲ್ಲಿನ ಡಬ್ಬಿ ಉರುಳಿದಂತೆ ನಕ್ಕರು. ಪಕ್ಕದಲ್ಲೇ ಯಾರೋ ಒಂದು ಕಾರನ್ನು ಸ್ಟಾರ್ಟ್ ಮಾಡಿದರು. ಎಂಜಿನ್ನು ಗರ್ಜಿಸಿ ತಗಡಿನ ಚಾವಣಿಯೆಲ್ಲ ನಡುಗಿತು. ಅಷ್ಟು ಸದ್ದಿನಲ್ಲಿ ಬೇರೆ ಯಾರ ನಗುವೂ ಕೇಳಿಸಲಿಲ್ಲ, ಭಾವನದೊಂದನ್ನು ಬಿಟ್ಟು.